ಲಸಿಕೆ ಕೆಲಸ ಮಾಡ್ತು, ಕಾಯಿಲೆ ಮಾತು ಕೇಳ್ಲಿಲ್ಲ: ಸಾರ್ಕೋಮಾ ವ್ಯಾಕ್ಸಿನ್ ಟ್ರಯಲ್‌ಗಳ ಒಳಗಿನ ಲೆಕ್ಕ

136 ಜನ. ಎಲ್ಲರಿಗೂ ಸಾರ್ಕೋಮಾ ಅನ್ನೋ ಅಪರೂಪದ ಕ್ಯಾನ್ಸರ್, ಎಲ್ಲರಲ್ಲೂ ಅದು ಹುಟ್ಟಿದ ಜಾಗ ಬಿಟ್ಟು ಬೇರೆ ಕಡೆಗೂ ಹಬ್ಬಿತ್ತು, ಆಪರೇಷನ್ ಮಾಡಿ ಕಣ್ಣಿಗೆ ಕಾಣೋದನ್ನೆಲ್ಲ ತೆಗೆದಾಗಿತ್ತು, ಆದ್ರೂ ಇವರಲ್ಲಿ ಸುಮಾರು ಜನಕ್ಕೆ ವಾಪಸ್ ಬಂದೇ ಬರುತ್ತೆ ಅಂತ ಡಾಕ್ಟರಿಗೂ ಗೊತ್ತು ಅವರಿಗೂ ಗೊತ್ತು. ಇವರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಅನ್ನೋ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತಯಾರಾದ ವ್ಯಾಕ್ಸಿನ್ ಜೊತೆಗೆ ಒಂದು ಉತ್ತೇಜಕ, ಇನ್ನೊಂದು ಗುಂಪಿಗೆ ಬರೀ ಉತ್ತೇಜಕ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆಮೇಲೆ ರಕ್ತ ತೆಗೆದು ನೋಡಿದ್ರೆ ವ್ಯಾಕ್ಸಿನ್ ತಗೊಂಡವರಲ್ಲಿ ಬಹುತೇಕ ಎಲ್ಲರಿಗೂ ಆ್ಯಂಟಿಬಾಡಿ ಬಂದಿತ್ತು, ಅಂದ್ರೆ ವ್ಯಾಕ್ಸಿನ್ ತಾನು ಮಾಡ್ಬೇಕಾದ ಕೆಲಸ ಚೆನ್ನಾಗೇ ಮಾಡಿತ್ತು. ಆದ್ರೆ ಕ್ಯಾನ್ಸರ್ ವಾಪಸ್ ಬರೋ ವಿಷ್ಯದಲ್ಲಿ ಎರಡು ಗುಂಪಿಗೂ ಏನೂ ವ್ಯತ್ಯಾಸ ಇರ್ಲಿಲ್ಲ.

ಅಡ್ಡಮಾತು: ಆ ಉತ್ತೇಜಕ ಚಿಲಿ ದೇಶದ ಒಂದು ಮರದ ತೊಗಟೆಯಿಂದ ಬರೋ ಸಪೋನಿನ್ ಜಾತಿಯದ್ದು, ನಮ್ಮ ಅಂಟುವಾಳದ ಕಾಯಿ ನೊರೆ ಕೊಡುತ್ತಲ್ಲ ಅದಕ್ಕೆ ಕಾರಣವೂ ಇದೇ ಜಾತಿಯ ವಸ್ತು. ದೇಹಕ್ಕೆ "ಏನೋ ಬಂದಿದೆ, ಎದ್ದೇಳು" ಅಂತ ತಟ್ಟಿ ಎಬ್ಬಿಸೋ ಕೆಲಸ ಅದರದ್ದು.

ಈ ಟ್ರಯಲ್ ಬಗ್ಗೆ ಯಾರೂ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಲ್ಲ, ಮಾಡೋಕೆ ಅದರಲ್ಲಿ ಖುಷಿ ಸುದ್ದಿ ಏನಿದೆ. ಆದ್ರೆ ನನಗೆ ಅನ್ಸೋದು, ಕ್ಯಾನ್ಸರ್ ವ್ಯಾಕ್ಸಿನ್ ಬಗ್ಗೆ ಒಂದೇ ಒಂದು ವಿಷ್ಯ ಅರ್ಥ ಮಾಡ್ಕೋಬೇಕು ಅಂದ್ರೆ ಇದನ್ನೇ ಮೊದಲು ನೋಡ್ಬೇಕು. ವ್ಯಾಕ್ಸಿನ್ ತಯಾರು ಮಾಡೋದು ಕಷ್ಟ, ನಿಜ, ಆದ್ರೆ ಅದಕ್ಕಿಂತ ಕಷ್ಟದ್ದು ಅದು ರೋಗಿಗೆ ಉಪಯೋಗ ಆಯ್ತಾ ಇಲ್ವಾ ಅಂತ ತಿಳ್ಕೊಳೋದು, ಅದರಲ್ಲೂ ಕಾಯಿಲೆಯೇ ಅಪರೂಪದ್ದಾದ್ರೆ ಇನ್ನೂ ಕಷ್ಟ.

ಸಾರ್ಕೋಮಾ ಅಂದ್ರೆ ಏನು ಅಂತ ಬೇಗ ಹೇಳಿಬಿಡ್ತೀನಿ. ನಾವು ಜಾಸ್ತಿ ಕೇಳೋ ಕ್ಯಾನ್ಸರ್‌ಗಳು, ಸ್ತನದ್ದು, ಬಾಯಿದು, ಕರುಳಿಂದು, ಇವೆಲ್ಲ ಅಂಗಗಳ ಒಳಪದರದಲ್ಲೋ ಗ್ರಂಥಿಗಳಲ್ಲೋ ಹುಟ್ಟೋವು. ಸಾರ್ಕೋಮಾ ಹುಟ್ಟೋದು ಮೂಳೆ, ಸ್ನಾಯು, ಕೊಬ್ಬು, ರಕ್ತನಾಳ, ನರದ ಹೊದಿಕೆ, ಇಂಥ ಕಡೆ. ದೊಡ್ಡವರಿಗೆ ಬರೋ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಸಾರ್ಕೋಮಾ, ಮಕ್ಕಳಲ್ಲಿ ನೂರಕ್ಕೆ ಸುಮಾರು 15. ಆ ಒಂದು ಪರ್ಸೆಂಟ್ ಕೂಡ ಒಂದೇ ಕಾಯಿಲೆ ಅಲ್ಲ, ಅದರೊಳಗೆ ಎಪ್ಪತ್ತಕ್ಕೂ ಜಾಸ್ತಿ ಬಗೆ ಇವೆ, ಲೈಪೋಸಾರ್ಕೋಮಾ, ಆಸ್ಟಿಯೋಸಾರ್ಕೋಮಾ, ಈವಿಂಗ್, ಸೈನೋವಿಯಲ್, ಹೀಗೆ, ಒಂದರ ಔಷಧ ಇನ್ನೊಂದಕ್ಕೆ ನಾಟುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅಪರೂಪದ ಕಾಯಿಲೆಯನ್ನ ಎಪ್ಪತ್ತು ಚೂರು ಮಾಡಿದ್ರೆ ಒಂದೊಂದು ಚೂರಲ್ಲಿ ಎಷ್ಟು ಜನ ಉಳೀತಾರೆ ಯೋಚನೆ ಮಾಡಿ, ಈ ಸಂಖ್ಯೆ ಮುಂದೆ ಎಲ್ಲ ಕಡೆ ನಮ್ಮನ್ನ ಕಾಡುತ್ತೆ.

ಇನ್ನು ವ್ಯಾಕ್ಸಿನ್ ಅನ್ನೋ ಪದ. ಪೋಲಿಯೋ ಹನಿ ಥರ ಕಾಯಿಲೆ ಬರದೇ ಇರ್ಲಿ ಅಂತ ಮೊದಲೇ ಹಾಕಿಸ್ಕೊಳೋದಲ್ಲ ಇದು. ಕಾಯಿಲೆ ಬಂದಾದ ಮೇಲೆ, ಆ ಗಡ್ಡೆಯ ಗುರುತು ಇದು, ಇದನ್ನ ನೋಡಿದ ಕಡೆ ಹೊಡಿ ಅಂತ ನಮ್ಮದೇ ರೋಗನಿರೋಧಕ ಕೋಶಗಳಿಗೆ ಹೇಳಿಕೊಡೋದು. ಪೊಲೀಸರಿಗೆ ಕಳ್ಳನ ಫೋಟೋ ಕೊಟ್ಟ ಹಾಗೆ. ತೊಂದರೆ ಏನಂದ್ರೆ ಈ ಕಳ್ಳ ಹೊರಗಿನವನಲ್ಲ, ಮನೆಯವನೇ, ಮುಖ ಎಲ್ಲ ನಮ್ಮದೇ. ಹಾಗಾಗಿ ಫೋಟೋದಲ್ಲಿ ಕಳ್ಳನಿಗೆ ಮಾತ್ರ ಇರೋ ಒಂದು ಮಚ್ಚೆ ಬೇಕು.

ಸಾರ್ಕೋಮಾದಲ್ಲಿ ಅಂಥ ಮಚ್ಚೆಗಳು ಇವೆ, ಅದಕ್ಕೇ ವಿಜ್ಞಾನಿಗಳು ಇದರ ಹಿಂದೆ ಬಿದ್ದಿರೋದು. ಮೊದಲನೇದು, 1997ರಲ್ಲಿ ನ್ಯೂಯಾರ್ಕಿನಲ್ಲಿ ಅನ್ನನಾಳದ ಕ್ಯಾನ್ಸರ್ ಒಂದರಲ್ಲಿ ಸಿಕ್ಕ ಎನ್‌ವೈ-ಇಎಸ್‌ಓ-1 ಅನ್ನೋ ಪ್ರೋಟೀನು, ಹೆಸರೇ ಹೇಳೋ ಹಾಗೆ ನ್ಯೂಯಾರ್ಕು ಮತ್ತೆ ಅನ್ನನಾಳ. ಇದು ಆರೋಗ್ಯವಾಗಿರೋ ದೊಡ್ಡವರ ದೇಹದಲ್ಲಿ ವೃಷಣದಲ್ಲಿ ಬಿಟ್ರೆ ಹೆಚ್ಚುಕಡಿಮೆ ಎಲ್ಲೂ ಕಾಣಲ್ಲ, ಆದ್ರೆ ಸೈನೋವಿಯಲ್ ಸಾರ್ಕೋಮಾದಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಜನರಲ್ಲಿ ಸಿಗುತ್ತೆ, ಮಿಕ್ಸಾಯ್ಡ್ ಲೈಪೋಸಾರ್ಕೋಮಾದಲ್ಲಿ ಇನ್ನೂ ಜಾಸ್ತಿ. ಎರಡನೇ ಬಗೆ, ಕ್ರೋಮೋಸೋಮು ಮುರಿದು ತಪ್ಪು ತುಂಡಿಗೆ ಅಂಟ್ಕೊಂಡು ಹುಟ್ಟೋ ಬೆರಕೆ ಪ್ರೋಟೀನು. ಈವಿಂಗ್ ಸಾರ್ಕೋಮಾದಲ್ಲಿ 11 ಮತ್ತು 22ನೇ ಕ್ರೋಮೋಸೋಮು ತುಂಡು ಬದಲಾಯಿಸ್ಕೊಳ್ತಾವೆ, ಸೈನೋವಿಯಲ್‌ನಲ್ಲಿ ಎಕ್ಸ್ ಮತ್ತು 18. ಆ ಜೋಡಣೆಯ ಜಾಗದಲ್ಲಿರೋ ಪ್ರೋಟೀನ್ ತುಣುಕು ಬೇರೆ ಯಾವ ಕೋಶದಲ್ಲೂ ಇರೋಕೆ ಸಾಧ್ಯನೇ ಇಲ್ಲ, ಮಚ್ಚೆ ಅಂದ್ರೆ ಇದಪ್ಪಾ. ಮೂರನೇದು ಮೇಲೆ ಹೇಳಿದ 136 ಜನರ ಟ್ರಯಲ್‌ನಲ್ಲಿ ಹಿಡಿದದ್ದು, ಕೋಶದ ಹೊರಮೈಲಿ ಇರೋ ಗ್ಯಾಂಗ್ಲಿಯೋಸೈಡ್ ಅನ್ನೋ ಸಕ್ಕರೆ-ಕೊಬ್ಬಿನ ಅಣುಗಳು, ಅದರಲ್ಲಿ ಮೂರು ಬಗೆ ಸೇರಿಸಿ ವ್ಯಾಕ್ಸಿನ್ ಮಾಡಿದ್ರು.

ಮಚ್ಚೆ ಸಿಕ್ತು, ಫೋಟೋ ಹಂಚಿದ್ರು, ಆ್ಯಂಟಿಬಾಡಿನೂ ಬಂತು, ಮತ್ತೆ ಯಾಕೆ ಏನೂ ಆಗ್ಲಿಲ್ಲ? ಆ ಒಂದು ಟ್ರಯಲ್‌ನಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕಾಗಲ್ಲ, ಆದ್ರೆ ಸಾರ್ಕೋಮಾದಲ್ಲಿ ಅಡ್ಡಿಗಳು ಯಾವುವು ಅಂತ ಸಾಮಾನ್ಯವಾಗಿ ಗೊತ್ತಿದೆ. ಪೊಲೀಸರಿಗೆ ಕಳ್ಳ ಗೊತ್ತಾದ್ರೆ ಸಾಕಾ, ಅವನಿರೋ ಓಣಿಗೆ ಹೋಗ್ಬೇಕು, ಬಾಗಿಲು ತೆರೆಸ್ಬೇಕು. ಸಾರ್ಕೋಮಾದಲ್ಲಿ ಸುಮಾರು ಬಗೆಗಳ ಗಡ್ಡೆ ಒಳಗೆ ಟಿ-ಸೆಲ್‌ಗಳು, ಅಂದ್ರೆ ಕೆಟ್ಟ ಕೋಶಗಳನ್ನ ಹುಡುಕಿ ಹೊಡೆಯೋ ರೋಗನಿರೋಧಕ ಕೋಶಗಳು, ಹೋಗೋದೇ ಕಮ್ಮಿ, ಡಾಕ್ಟರ್‌ಗಳು ಇಂಥ ಗಡ್ಡೆಗೆ "ಕೋಲ್ಡ್" ಅಂತಾರೆ. ಟಿ-ಸೆಲ್‌ಗೆ ಮಚ್ಚೆ ತೋರಿಸೋಕೆ ಕೋಶದ ಹೊರಗೆ ಎಚ್‌ಎಲ್‌ಎ ಅನ್ನೋ ಒಂದು ತಟ್ಟೆ ಇರುತ್ತೆ (ಎಲ್ಲರಿಗೂ ಒಂದೇ ಬಗೆಯದ್ದಲ್ಲ), ಕೆಲವು ಗಡ್ಡೆಗಳು ಆ ತಟ್ಟೆನೇ ಒಳಗೆ ಎಳ್ಕೊಂಡು ಕೂತಿರ್ತಾವೆ. ಹೋಗಿ ತಲುಪಿದ ಟಿ-ಸೆಲ್‌ಗೂ ಸುಸ್ತು ಹೊಡೆಸೋ ಸಿಗ್ನಲ್ ಕೊಡ್ತಾವೆ. ಅಂದ್ರೆ ಸೂಜಿಗೂ ಗಡ್ಡೆಗೂ ನಡುವೆ ಮೂರ್ನಾಲ್ಕು ಮೆಟ್ಟಿಲಿವೆ, ರಕ್ತದಲ್ಲಿ ಆ್ಯಂಟಿಬಾಡಿ ಬಂತು ಅನ್ನೋದು ಮೊದಲನೇ ಮೆಟ್ಟಿಲು ಅಷ್ಟೇ. ಪೇಪರಲ್ಲಿ "ವ್ಯಾಕ್ಸಿನ್‌ಗೆ ಒಳ್ಳೆ ಪ್ರತಿಕ್ರಿಯೆ" ಅಂತ ಹೆಡ್ಡಿಂಗ್ ಬಂದ್ರೆ ಸಾಮಾನ್ಯವಾಗಿ ಈ ಮೊದಲ ಮೆಟ್ಟಿಲಿನ ಸುದ್ದಿನೇ ಆಗಿರುತ್ತೆ, ಓದೋವಾಗ ಯಾವ ಮೆಟ್ಟಿಲು ಅಂತ ಕೇಳ್ಕೊಳಿ.

ಈಗ ಇನ್ನೊಂದು ಟ್ರಯಲ್, ಇದು ಎಲ್‌ವಿ305 ಅನ್ನೋ ವ್ಯಾಕ್ಸಿನ್ನಿಂದ ಶುರುವಾದದ್ದು. ಒಂದು ನಿಶ್ಶಕ್ತ ಮಾಡಿದ ವೈರಸ್ ಒಳಗೆ ಎನ್‌ವೈ-ಇಎಸ್‌ಓ-1 ಜೀನ್ ಇಟ್ಟು, ಡೆಂಡ್ರಿಟಿಕ್ ಸೆಲ್ ಅನ್ನೋ "ಮೇಷ್ಟ್ರು" ಕೋಶಗಳಿಗೆ ನೇರ ತಲುಪಿಸೋ ಐಡಿಯಾ. ಮೊದಲ ಹಂತದಲ್ಲಿ ಒಬ್ಬ ಸೈನೋವಿಯಲ್ ಸಾರ್ಕೋಮಾ ರೋಗಿಗೆ, ಬೇರೆ ಚಿಕಿತ್ಸೆಗೆಲ್ಲ ಬಗ್ಗದೇ ಇದ್ದ ಗಡ್ಡೆ 85% ಕುಗ್ಗಿ ಹೋಯ್ತು, ಅದೂ ತಾತ್ಕಾಲಿಕ ಅಲ್ಲ, ಬಹಳ ಕಾಲ ಹಾಗೇ ನಿಂತ್ಕೊಂಡಿತ್ತು. ಇಂಥದ್ದು ಕಣ್ಣಾರೆ ನೋಡಿದ ಡಾಕ್ಟರಿಗೆ ಹೇಗನ್ಸಿರಬೇಡ. ಮುಂದಿನ ಹಂತದಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿಸಿ ಸಿಎಂಬಿ305 ಅಂತ ಮಾಡಿ, 89 ರೋಗಿಗಳನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಅಟೆಜೊಲಿಜುಮ್ಯಾಬ್ ಅನ್ನೋ ಇಮ್ಯುನೋಥೆರಪಿ (ರೋಗನಿರೋಧಕ ಕೋಶಗಳಿಗೆ ಬಲ ಕೊಡೋ) ಇಂಜೆಕ್ಷನ್ ಮಾತ್ರ, ಇನ್ನೊಂದು ಗುಂಪಿಗೆ ಅದರ ಜೊತೆ ವ್ಯಾಕ್ಸಿನ್. ಗಡ್ಡೆ ಮತ್ತೆ ಬೆಳೆಯೋವರೆಗಿನ ಸಮಯ ವ್ಯಾಕ್ಸಿನ್ ಗುಂಪಲ್ಲಿ ಮಧ್ಯಮ ಲೆಕ್ಕದಲ್ಲಿ (ಎಲ್ಲರನ್ನ ಸಾಲಾಗಿ ನಿಲ್ಲಿಸಿದ್ರೆ ನಡುವೆ ಇರೋರ ಲೆಕ್ಕ) 2.6 ತಿಂಗಳು, ಇನ್ನೊಂದರಲ್ಲಿ 1.6 ತಿಂಗಳು, ಇಷ್ಟು ಸಣ್ಣ ಅಂತರ ಅದೃಷ್ಟದಿಂದಲೂ ಬರಬಹುದು ಅಂತ ಲೆಕ್ಕ ಹೇಳ್ತು. ಬದುಕಿದ ಕಾಲ ಎರಡೂ ಕಡೆ ಸುಮಾರು 18 ತಿಂಗಳು. 2018ರಲ್ಲಿ ಕಂಪನಿ ಆ ದಾರಿ ಕೈಬಿಡ್ತು.

ಹಾಗಾದ್ರೆ ಆ 85% ಸುಳ್ಳಾ? ಇಲ್ಲ, ನಿಜಾನೇ. ಒಬ್ಬರಿಗೆ ಆದದ್ದು ನಿಜ, ಎಲ್ಲರಿಗೂ ಆಗುತ್ತೆ ಅನ್ನೋದು ಆ ಒಬ್ಬರಿಂದ ಗೊತ್ತಾಗಲ್ಲ, ಅಷ್ಟೇ ವಿಷ್ಯ.

ಈ ಟ್ರಯಲ್‌ನಲ್ಲೇ ಇನ್ನೊಂದು ಬಲೆ ಇದೆ. ವ್ಯಾಕ್ಸಿನ್ ತಗೊಂಡು ಯಾರ ರಕ್ತದಲ್ಲಿ ಎನ್‌ವೈ-ಇಎಸ್‌ಓ-1 ವಿರುದ್ಧ ಟಿ-ಸೆಲ್ ಎದ್ದಿತ್ತೋ ಅವರು ಉಳಿದವರಿಗಿಂತ ಜಾಸ್ತಿ ಕಾಲ ಬದುಕಿದ್ರು. ತಕ್ಷಣ ಅನ್ಸುತ್ತೆ, ನೋಡಿ ನಾಟಿದವರಿಗೆ ಉಪಯೋಗ ಆಗಿದೆಯಲ್ಲ ಅಂತ. ಆದ್ರೆ ಮೈಸೂರಲ್ಲಿ ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋರನ್ನ ನಿಲ್ಲಿಸಿ ಕೇಳಿ, ಮಂಡಿನೋವು ಇರೋರು ಕಮ್ಮಿ ಸಿಗ್ತಾರೆ. ಮೆಟ್ಟಿಲು ಹತ್ತಿದ್ದಕ್ಕೆ ಮಂಡಿ ಚೆನ್ನಾಗಾಯ್ತಾ, ಮಂಡಿ ಚೆನ್ನಾಗಿರೋದಕ್ಕೇ ಹತ್ತೋಕೆ ಬಂದ್ರಾ? ಹಾಗೇ, ದೇಹ ಗಟ್ಟಿ ಇದ್ದು ಕಾಯಿಲೆ ನಿಧಾನಕ್ಕೆ ಬೆಳೀತಿದ್ದ ರೋಗಿಯ ದೇಹವೇ ವ್ಯಾಕ್ಸಿನ್‌ಗೂ ಚೆನ್ನಾಗಿ ಸ್ಪಂದಿಸಿರಬಹುದು, ವ್ಯಾಕ್ಸಿನ್ ಇಲ್ಲದೇ ಇದ್ರೂ ಅವರು ಅಷ್ಟೇ ಕಾಲ ಬದುಕ್ತಿದ್ರೇನೋ. ಅದಕ್ಕೇ ಚೀಟಿ ಎತ್ತಿ ಮಾಡಿದ ಎರಡು ಗುಂಪುಗಳನ್ನ ಪೂರ್ತಿಯಾಗಿ ಹೋಲಿಸ್ಬೇಕು, ಒಳಗಿಂದ ಚೆನ್ನಾಗಿದ್ದವರನ್ನ ಆರಿಸಿ ತೋರಿಸಿದ್ರೆ ಅದು ಹೊಸ ಪ್ರಶ್ನೆ ಆಗಬಹುದೇ ಹೊರತು ಉತ್ತರ ಆಗಲ್ಲ.

ಇಲ್ಲಿ ಯಾರಾದ್ರೂ ಕೇಳಬಹುದು, 2024ರ ಆಗಸ್ಟಲ್ಲಿ ಅಮೆರಿಕದ ಎಫ್‌ಡಿಎ ಸೈನೋವಿಯಲ್ ಸಾರ್ಕೋಮಾಗೆ ಟೆಸೆಲ್ರಾ ಅನ್ನೋ ಚಿಕಿತ್ಸೆಗೆ ಒಪ್ಪಿಗೆ ಕೊಡ್ತಲ್ಲ, ಅದರಲ್ಲಿ ಬರೀ 44 ಜನ, ಹೋಲಿಕೆ ಗುಂಪೇ ಇರ್ಲಿಲ್ಲ, ಅದಕ್ಕೊಂದು ನ್ಯಾಯ ಇದಕ್ಕೊಂದು ನ್ಯಾಯನಾ ಅಂತ. ಒಳ್ಳೆ ಪ್ರಶ್ನೆ. ಟೆಸೆಲ್ರಾ ವ್ಯಾಕ್ಸಿನ್ ಅಲ್ಲ, ರೋಗಿಯ ಟಿ-ಸೆಲ್‌ಗಳನ್ನ ಹೊರಗೆ ತೆಗೆದು, ಎಂಎಜಿಇ-ಎ4 ಅನ್ನೋ ಇನ್ನೊಂದು ಮಚ್ಚೆ ಗುರುತಿಸೋ ಹಾಗೆ ಲ್ಯಾಬಲ್ಲಿ ತಿದ್ದಿ ವಾಪಸ್ ಬಿಡೋದು. ಫೋಟೋ ಹಂಚೋ ಬದಲು ಟ್ರೈನಿಂಗ್ ಆದ ಪೊಲೀಸರನ್ನೇ ಕಳಿಸಿದ ಹಾಗೆ. ಅದರಲ್ಲಿ ನೂರಕ್ಕೆ 43 ಜನರಿಗೆ ಗಡ್ಡೆ ಕುಗ್ಗಿತು. ಹಬ್ಬಿದ ಸೈನೋವಿಯಲ್ ಸಾರ್ಕೋಮಾ ತನ್ನಷ್ಟಕ್ಕೆ ತಾನೇ ಕುಗ್ಗಲ್ಲ, ಹಾಗಾಗಿ ಕುಗ್ಗಿತು ಅಂದ್ರೆ ಔಷಧದಿಂದಲೇ ಅಂತ ಹೋಲಿಕೆ ಗುಂಪಿಲ್ಲದೇ ಹೇಳಬಹುದು. (2024ರಲ್ಲಿ ಬಂದಾಗ ಬೆಲೆ 7,27,000 ಡಾಲರ್ ಇತ್ತು, ಅಂದ್ರೆ ಆಗಿನ ಲೆಕ್ಕಕ್ಕೆ ಸುಮಾರು ಆರು ಕೋಟಿ, ಅದು ಬೇರೆ ಕಥೆ.)

ವ್ಯಾಕ್ಸಿನ್ ಹಾಗಲ್ಲ. ಅದು ಗಡ್ಡೆ ಕುಗ್ಗಿಸೋದು ಅಪರೂಪ, ಬೆಳೆಯೋದನ್ನ ತಡ ಮಾಡುತ್ತೆ, ವಾಪಸ್ ಬರೋದನ್ನ ಮುಂದೆ ತಳ್ಳುತ್ತೆ ಅನ್ನೋದು ಅದರ ಮೇಲಿನ ಆಸೆ. ತಡ ಅಂದ್ರೆ ಯಾವುದಕ್ಕಿಂತ ತಡ? ಮೆಜೆಸ್ಟಿಕ್ ಬಸ್ ಅರ್ಧ ಗಂಟೆ ಲೇಟು ಅಂತ ಹೇಳ್ಬೇಕಾದ್ರೆ ಟೈಮ್ ಟೇಬಲ್ ಗೊತ್ತಿರ್ಬೇಕಲ್ಲ. ಸಾರ್ಕೋಮಾಗೆ ಟೈಮ್ ಟೇಬಲ್ ಇಲ್ಲ, ಒಬ್ಬರಿಗೆ ಮೂರು ತಿಂಗಳಿಗೆ ವಾಪಸ್ ಬರುತ್ತೆ, ಇನ್ನೊಬ್ಬರಿಗೆ ಮೂರು ವರ್ಷಕ್ಕೆ. ಆ ಟೈಮ್ ಟೇಬಲ್ ಅನ್ನೋದು ವ್ಯಾಕ್ಸಿನ್ ತಗೊಳ್ಳದ ಗುಂಪು.

ಇದರ ಮೇಲೆ ಇನ್ನೊಂದು ವಿಚಿತ್ರ. ಫುಟ್‌ಬಾಲಿನಷ್ಟು ದೊಡ್ಡ ಗಡ್ಡೆ ಮುಂದೆ ವ್ಯಾಕ್ಸಿನ್ ಎಬ್ಬಿಸಿದ ಒಂದಷ್ಟು ಟಿ-ಸೆಲ್ ಏನು ಮಾಡ್ತಾವೆ, ಪಾಪ. ಆಪರೇಷನ್ ಆಗಿ ಕಣ್ಣಿಗೆ ಕಾಣದ ಚೂರುಪಾರು ಉಳಿದಿರೋವಾಗ ವ್ಯಾಕ್ಸಿನ್ ಕೊಡೋದು ಸರಿಯಾದ ಸಮಯ ಅಂತ ಹೆಚ್ಚಿನ ತಜ್ಞರ ಅಂದಾಜು. ಆದ್ರೆ ಆಗ ಸ್ಕ್ಯಾನಲ್ಲಿ ಅಳೆಯೋಕೆ ಗಡ್ಡೆನೇ ಇಲ್ಲ! ವ್ಯಾಕ್ಸಿನ್ ಉಪಯೋಗ ಆಗೋ ಸಾಧ್ಯತೆ ಎಲ್ಲಿ ಜಾಸ್ತಿಯೋ ಅಲ್ಲೇ ಅದನ್ನ ಕಂಡುಹಿಡಿಯೋದು ಕಷ್ಟ, ವರ್ಷಗಟ್ಟಲೆ ಕಾಯ್ಬೇಕು, ಎಣಿಸ್ಬೇಕು.

ಎಷ್ಟು ಎಣಿಸ್ಬೇಕು? ಒಂದು ವ್ಯಾಕ್ಸಿನ್ ಕಾಯಿಲೆ ವಾಪಸ್ ಬರೋ ಅಪಾಯನ ಮೂರನೇ ಒಂದು ಪಾಲು ಕಮ್ಮಿ ಮಾಡುತ್ತೆ ಅಂತಿಟ್ಕೊಳಿ, ಅದೇನು ಸಣ್ಣ ವಿಷ್ಯ ಅಲ್ಲ. ಅದನ್ನ ನಂಬೋ ಹಾಗೆ ತೋರಿಸೋಕೆ ಸಂಖ್ಯಾಶಾಸ್ತ್ರದ ಮಾಮೂಲಿ ಲೆಕ್ಕದಲ್ಲಿ ಎರಡೂ ಗುಂಪು ಸೇರಿ 190ರ ಆಸುಪಾಸು ಜನಕ್ಕೆ ಕಾಯಿಲೆ ವಾಪಸ್ ಬರ್ಬೇಕು, ಅಂದ್ರೆ ಟ್ರಯಲ್‌ಗೆ ಸೇರೋರು ಅದಕ್ಕಿಂತ ಜಾಸ್ತಿ ಇರ್ಬೇಕು. ಈಗ ಜರಡಿ ಹಿಡೀರಿ. ನೂರು ಸೈನೋವಿಯಲ್ ಸಾರ್ಕೋಮಾ ರೋಗಿಗಳು, ಮಚ್ಚೆ ಇರೋರು ಎಪ್ಪತ್ತು, ಅದರಲ್ಲಿ ವ್ಯಾಕ್ಸಿನ್‌ಗೆ ಹೊಂದೋ ಎಚ್‌ಎಲ್‌ಎ ಬಗೆ ಇರೋರು ಸುಮ್ನೆ ಲೆಕ್ಕಕ್ಕೆ ಅರ್ಧ ಅನ್ನಿ, ಮೂವತ್ತೈದು, ಅದರಲ್ಲಿ ಆಪರೇಷನ್ ಪೂರ್ತಿ ಆದವರು, ಓಡಾಡೋ ಶಕ್ತಿ ಇರೋರು, ಟ್ರಯಲ್ ನಡೆಯೋ ಊರಿಗೆ ತಿಂಗಳು ತಿಂಗಳು ಬಂದುಹೋಗೋಕೆ ಆಗೋರು, ಮತ್ತೆ ಮುಖ್ಯವಾಗಿ "ನಿಮಗೆ ವ್ಯಾಕ್ಸಿನ್ ಸಿಗದೇನೂ ಇರಬಹುದು" ಅಂದಾಗ ಹೂಂ ಅನ್ನೋರು. ಕೊನೆಗೆ ಬೆರಳೆಣಿಕೆ. ಕಾರ್ಡೋಮಾ ಅಂತ ಬೆನ್ನುಮೂಳೆಯ ಉದ್ದಕ್ಕೂ ಬರೋ ಒಂದು ಮೂಳೆ ಕ್ಯಾನ್ಸರ್ ಇದೆ, ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 300 ಜನಕ್ಕೆ ಬರುತ್ತೆ ಅಷ್ಟೇ. ಅದಕ್ಕೆ ಬ್ರೆಡ್ಡಿಗೆ ಹಾಕೋ ಯೀಸ್ಟನ್ನ ಸಾಯಿಸಿ ಅದರೊಳಗೆ ಬ್ರಾಕಿಯುರಿ ಅನ್ನೋ ಮಚ್ಚೆ ಇಟ್ಟು ವ್ಯಾಕ್ಸಿನ್ ಮಾಡಿದ್ರು, ರೇಡಿಯೇಷನ್ ಜೊತೆ ಕೊಟ್ಟು ಎರಡು ಗುಂಪಿನ ಟ್ರಯಲ್ ಇಟ್ರು, 55 ಜನ ಬೇಕು ಅಂದ್ಕೊಂಡಿದ್ದು 24 ಜನ ಆದಾಗ ಮಧ್ಯದ ಲೆಕ್ಕ ನೋಡಿದ್ರೆ ಮುಂದುವರೆಸಿದ್ರೂ ವ್ಯತ್ಯಾಸ ಕಾಣೋ ಸಾಧ್ಯತೆ ಕಮ್ಮಿ ಅಂತ ಗೊತ್ತಾಗಿ ನಿಲ್ಲಿಸಿದ್ರು. ಸೋತ ಟ್ರಯಲ್ ಅಂತ ಬರೀತಾರೆ ಇದನ್ನ, ನಾನು ಹಾಗೆ ಅನ್ನಲ್ಲ, ಇಷ್ಟು ಅಪರೂಪದ ಕಾಯಿಲೆಯಲ್ಲಿ ಸರಿಯಾಗಿ ಚೀಟಿ ಎತ್ತಿ ಟ್ರಯಲ್ ಮಾಡಬಹುದು ಅಂತ ತೋರಿಸಿದ್ರಲ್ಲ ಅದೇ ದೊಡ್ಡದು.

ಜನ ಸಿಗಲ್ಲ ಅಂದಾಗ ಸಂಶೋಧಕರು ಹಿಡಿಯೋ ಅಡ್ಡದಾರಿ ಅಂದ್ರೆ ಹಳೇ ದಾಖಲೆ ಜೊತೆ ಹೋಲಿಸೋದು. ಇದರ ಒಳ್ಳೆ ಉದಾಹರಣೆ ಶುರುವಾಗೋದು ನಾಯಿಗಳಿಂದ. ಆಸ್ಟಿಯೋಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್ ಮನುಷ್ಯರಲ್ಲಿ ಹೆಚ್ಚಾಗಿ ಹರೆಯದವರಿಗೆ ಬರುತ್ತೆ, ಆದ್ರೆ ದೊಡ್ಡ ಜಾತಿ ನಾಯಿಗಳಿಗೆ ಇದು ಮನುಷ್ಯರಿಗಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತೆ, ಅದೂ ತಾನಾಗೇ, ಲ್ಯಾಬಿನ ಇಲಿಗೆ ಚುಚ್ಚಿ ತರಿಸಿದ ಹಾಗಲ್ಲ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ನಿಕೋಲಾ ಮೇಸನ್ ತಂಡ, ಕಾಲು ತೆಗೆದು ಕೀಮೋ ಮುಗಿಸಿದ 18 ನಾಯಿಗಳಿಗೆ ಒಂದು ವ್ಯಾಕ್ಸಿನ್ ಕೊಡ್ತು. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಇದೆ, ಕೆಟ್ಟ ಚೀಸಿನಿಂದೆಲ್ಲ ಬರೋ ಕಾಯಿಲೆದು, ಅದನ್ನ ಬಲ ಕುಂದಿಸಿ ಅದರೊಳಗೆ ಎಚ್‌ಇಆರ್2 ಅನ್ನೋ ಗುರುತು ತುಂಬಿದ್ದು. ಲಿಸ್ಟೀರಿಯಾ ಕೋಶದೊಳಗೇ ನುಗ್ಗೋ ಜಾತಿ, ಅದಕ್ಕೆ ಟಿ-ಸೆಲ್‌ಗಳು ಜೋರಾಗಿ ಏಳ್ತಾವೆ ಅನ್ನೋದು ತರ್ಕ. 2016ರಲ್ಲಿ ಬಂದ ವರದಿ ಪ್ರಕಾರ ಆ ನಾಯಿಗಳು ಮಧ್ಯಮ ಲೆಕ್ಕದಲ್ಲಿ 956 ದಿನ ಬದುಕಿದ್ವು, ಹಳೇ ದಾಖಲೆಯ ನಾಯಿಗಳಿಗೆ ಹೋಲಿಸಿದ್ರೆ ಹೆಚ್ಚುಕಡಿಮೆ ಎರಡರಷ್ಟು. ಆಮೇಲೆ ಇದಕ್ಕೆ ನಾಯಿಗಳಲ್ಲಿ ಬಳಸೋಕೆ ಷರತ್ತಿನ ಲೈಸೆನ್ಸೂ ಸಿಕ್ತು, ಜಾಸ್ತಿ ನಾಯಿಗಳಿಗೆ ಕೊಟ್ಟಾಗ ಕೆಲವಕ್ಕೆ ಅದೇ ಲಿಸ್ಟೀರಿಯಾ ಸೋಂಕು ಕಾಣಿಸ್ಕೊಳ್ತು. 18ರಲ್ಲಿ ಕಾಣದ್ದು ನೂರಾರರಲ್ಲಿ ಕಾಣುತ್ತೆ, ಸಣ್ಣ ಟ್ರಯಲ್ ಮಿತಿ ಬರೀ ಉಪಯೋಗ ಅಳೆಯೋದರಲ್ಲಿ ಮಾತ್ರ ಅಲ್ಲ, ಅಪಾಯ ಅಳೆಯೋದರಲ್ಲೂ ಇದೆ.

ಅದೇ ವ್ಯಾಕ್ಸಿನ್ ಓಎಸ್‌ಟಿ-ಎಚ್‌ಇಆರ್2 ಅನ್ನೋ ಹೆಸರಲ್ಲಿ ಮನುಷ್ಯರಿಗೂ ಬಂತು. ಶ್ವಾಸಕೋಶಕ್ಕೆ ಹಬ್ಬಿ, ಅದನ್ನ ಆಪರೇಷನ್ನಲ್ಲಿ ತೆಗೆಸ್ಕೊಂಡ ಸುಮಾರು 40 ಜನ ಮಕ್ಕಳು, ಹರೆಯದವರು. 2025ರ ಜನವರಿಯಲ್ಲಿ ಕಂಪನಿ ಹೇಳ್ತು, ಒಂದು ವರ್ಷದಲ್ಲಿ ಕಾಯಿಲೆ ಮರಳದೇ ಇದ್ದವರು 33%, ಹಳೇ ದಾಖಲೆಯಲ್ಲಿ 20%. ಮನೆಯಲ್ಲಿ ಆ ಕಾಯಿಲೆ ಇರೋ ಮಗು ಇದ್ರೆ ಈ 13% ಅಂತರ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತ ಗೊತ್ತು, ನಾನದನ್ನ ಹಗುರ ಮಾಡಲ್ಲ. ಆದ್ರೆ ಹಳೇ ದಾಖಲೆಯ ಮಕ್ಕಳಿಗೂ ಈಗಿನ ಮಕ್ಕಳಿಗೂ ನಡುವೆ ಬದಲಾಗಿರೋದು ವ್ಯಾಕ್ಸಿನ್ ಒಂದೇನಾ? ಸ್ಕ್ಯಾನ್ ಬದಲಾಗಿದೆ, ಸರ್ಜನ್‌ಗಳ ಕೈ ಪಳಗಿದೆ, ಟ್ರಯಲ್‌ಗೆ ಬರೋ ಅಷ್ಟು ಗಟ್ಟಿ ಇರೋ ಮಕ್ಕಳೇ ಬಂದಿದ್ದಾರೆ, ಆಪರೇಷನ್ ಆಗಿ ಕೆಲವು ವಾರದಲ್ಲೇ ಮತ್ತೆ ಗಡ್ಡೆ ಕಂಡ ಮಗು ಟ್ರಯಲ್ ಒಳಗೇ ಬಂದಿರಲ್ಲ. ಇವೆಲ್ಲ ಸೇರಿ ಎಷ್ಟು ಪರ್ಸೆಂಟ್, ವ್ಯಾಕ್ಸಿನ್ನಿಂದ ಎಷ್ಟು ಪರ್ಸೆಂಟ್, ಅದನ್ನ ಬಿಡಿಸೋಕೆ ಆ ಟ್ರಯಲ್ ಒಂದರಿಂದ ಆಗಲ್ಲ. ವ್ಯಾಕ್ಸಿನ್ ನಾಟಿರಬಹುದು. ಆ "ಬಹುದು" ತೆಗೆಯೋಕೇ ಇಷ್ಟೆಲ್ಲ ಪಾಡು.

ಈವಿಂಗ್ ಸಾರ್ಕೋಮಾದ ವಿಜಿಲ್ ವ್ಯಾಕ್ಸಿನ್ ಕಥೆಯಲ್ಲೂ ಇದೇ ಗಂಟು. ಅದು ರೋಗಿಯ ಸ್ವಂತ ಗಡ್ಡೆಯಿಂದಲೇ ತಯಾರಾಗೋದು, ಗಡ್ಡೆ ಕೋಶಗಳ ಜೀನ್ ತಿದ್ದಿ, ಬೆಳೆಯದ ಹಾಗೆ ಮಾಡಿ ಅವರಿಗೇ ವಾಪಸ್ ಚುಚ್ಚೋದು. ಮೊದಲ ಹಂತದಲ್ಲಿ ವ್ಯಾಕ್ಸಿನ್ ತಗೊಂಡ 16 ಜನರಲ್ಲಿ ಒಂದು ವರ್ಷ ಬದುಕಿದವರು 73%, ತಗೊಳ್ಳದವರಲ್ಲಿ 23%. ಕೇಳೋಕೆ ಜಾದೂ ಥರ ಇದೆ. ಆದ್ರೆ ಇಲ್ಲಿ ಚೀಟಿ ಎತ್ತಿರಲಿಲ್ಲ. ಸ್ವಂತ ಗಡ್ಡೆಯಿಂದ ವ್ಯಾಕ್ಸಿನ್ ಆಗ್ಬೇಕಾದ್ರೆ ತೆಗೆಯೋ ಅಂಥ ಗಡ್ಡೆ ಇರ್ಬೇಕು, ಸಾಕಷ್ಟು ಕೋಶ ಸಿಗ್ಬೇಕು, ತಯಾರಾಗೋವರೆಗೆ ರೋಗಿ ತಡ್ಕೊಂಡಿರ್ಬೇಕು. ಮತ್ತೆ ಚಾಮುಂಡಿ ಬೆಟ್ಟದ ಮೆಟ್ಟಿಲು.

ಜಪಾನಿನ ಸಪ್ಪೊರೊ ಮೆಡಿಕಲ್ ಯೂನಿವರ್ಸಿಟಿಯವರು ಸೈನೋವಿಯಲ್‌ನ ಆ ಬೆರಕೆ ಪ್ರೋಟೀನಿನ ತುಣುಕನ್ನೇ ವ್ಯಾಕ್ಸಿನ್ ಮಾಡಿ 21 ಜನಕ್ಕೆ ಕೊಟ್ಟು 2012ರಲ್ಲಿ ವರದಿ ಮಾಡಿದ್ರು, ಕೆಲವರಲ್ಲಿ ಗಡ್ಡೆ ಬೆಳೆಯದೆ ಸ್ವಲ್ಪ ಕಾಲ ನಿಂತಿತ್ತು. ನಿಂತದ್ದು ವ್ಯಾಕ್ಸಿನ್ನಿಂದಾನಾ, ಅದರ ಸ್ವಭಾವನಾ, ಟೈಮ್ ಟೇಬಲ್ ಇಲ್ಲದ ಬಸ್ಸೇ ಅದೂ.

ಇಷ್ಟೆಲ್ಲ ಓದುವಾಗ ನನಗೆ ಯಾವಾಗ್ಲೂ ನೆನಪಾಗೋದು ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ. 1890-91ರಲ್ಲಿ ಬೆಸ್ಸಿ ಡ್ಯಾಶಿಯಲ್ ಅನ್ನೋ 17ರ ಹುಡುಗಿ ಕೈಗೆ ಸಾರ್ಕೋಮಾ ಬಂದು, ಕೋಲಿ ಕೈ ತೆಗೆದ್ರೂ ಉಳೀಲಿಲ್ಲ. ಆ ಸಂಕಟದಲ್ಲಿ ಅವರು ಆಸ್ಪತ್ರೆಯ ಹಳೇ ಕಡತ ಕೆದಕಿದಾಗ ಸಿಕ್ಕಿದ್ದು ಸ್ಟೈನ್ ಅನ್ನೋ ಒಬ್ಬ ರೋಗಿಯ ದಾಖಲೆ, ಕುತ್ತಿಗೆಯಲ್ಲಿ ಸಾರ್ಕೋಮಾ ಇದ್ದವನಿಗೆ ಚರ್ಮದ ಸೋಂಕು ಬಂದು ಜ್ವರ ಏರಿ, ಜ್ವರ ಇಳಿದಾಗ ಗಡ್ಡೆನೂ ಇಳಿದಿತ್ತು. ಕೋಲಿ ಅವನನ್ನ ಊರೆಲ್ಲ ಹುಡುಕಿ ಪತ್ತೆ ಮಾಡಿದ್ರು, ಗಟ್ಟಿಮುಟ್ಟಾಗಿದ್ದ. ಆಮೇಲೆ ಕೋಲಿ ಬ್ಯಾಕ್ಟೀರಿಯಾ ಚುಚ್ಚೋಕೆ ಶುರು ಮಾಡಿದ್ರು, ಮೊದಲು ಜೀವಂತ, ಆಮೇಲೆ ಸಾಯಿಸಿದ್ದು, ಕೆಲವರಿಗೆ ನಿಜಕ್ಕೂ ಗಡ್ಡೆ ಮಾಯ ಆಯ್ತು. ಆದ್ರೆ ಹೋಲಿಕೆ ಗುಂಪಿಲ್ಲ, ಪ್ರತಿ ಸಲ ತಯಾರಿ ಬೇರೆ, ಡೋಸು ಬೇರೆ, ಚುಚ್ಚೋ ಜಾಗ ಬೇರೆ. ಯಾರಿಗೆ ಯಾಕೆ ನಾಟಿತು ಅಂತ ಯಾರಿಗೂ ಹೇಳೋಕಾಗಲಿಲ್ಲ, ರೇಡಿಯೇಷನ್ ಬಂತು, ಕೋಲಿ ಮರೆಗೆ ಸರಿದ್ರು. ಕೋಲಿ ಆಮೇಲೆ ಕೆಲಸ ಮಾಡಿದ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅವರನ್ನ ಜೋರಾಗಿ ವಿರೋಧಿಸಿದವರು ಜೇಮ್ಸ್ ಈವಿಂಗ್, ಈವಿಂಗ್ ಸಾರ್ಕೋಮಾದ ಈವಿಂಗ್. ಆ ಆಸ್ಪತ್ರೆಯೇ ಇವತ್ತಿನ ಸ್ಲೋನ್ ಕೆಟರಿಂಗ್. ಮೊದಲು ಹೇಳಿದ 136 ಜನರ ವ್ಯಾಕ್ಸಿನ್ ತಯಾರಾದ ಜಾಗ.

ಇನ್ನು ನಮ್ಮ ಕಡೆ. ಎಚ್‌ಎಲ್‌ಎ ತಟ್ಟೆ ಅಂದ್ನಲ್ಲ, ಅದು ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತೆ. ಜಪಾನಿನ ವ್ಯಾಕ್ಸಿನ್ ಎ24 ಅನ್ನೋ ಬಗೆಗೆ ಮಾಡಿದ್ದು, ಅಲ್ಲಿ ಅದು ಬಹಳ ಜನರಲ್ಲಿದೆ. ಟೆಸೆಲ್ರಾಗೆ ಎ2 ಬೇಕು, ಅದರಲ್ಲೂ 02:01, 02:02, 02:03, 02:06 ಈ ನಾಲ್ಕೇ ಕೆಲಸಕ್ಕೆ ಬರೋದು. ನಮ್ಮ ದೇಶದಲ್ಲಿ ಎ2 ಕುಟುಂಬದೊಳಗೆ 02:11 ಅನ್ನೋ ಬಗೆ ಸಾಕಷ್ಟು ಕಾಣ್ಸುತ್ತೆ, ಅದು ಆ ಪಟ್ಟಿಯಲ್ಲಿಲ್ಲ. ಅಂದ್ರೆ ರಿಪೋರ್ಟಲ್ಲಿ "ಎ2 ಪಾಸಿಟಿವ್" ಅಂತ ನೋಡಿ ಅಮೆರಿಕದಲ್ಲಿರೋ ನೆಂಟರಿಗೆ ಫೋನ್ ಮಾಡೋ ಮೊದಲು ಮುಂದಿನ ಎರಡು ಅಂಕೆ ಏನು ಅಂತ ನೋಡ್ಬೇಕು.

ದುಡ್ಡಿನ ವಿಷ್ಯನೂ ಹೇಳ್ಬೇಕು. "ನಿಮ್ಮ ರಕ್ತದಿಂದಲೇ ಕ್ಯಾನ್ಸರ್ ವ್ಯಾಕ್ಸಿನ್ ಮಾಡಿಕೊಡ್ತೀವಿ, ಇಷ್ಟು ಲಕ್ಷ" ಅಂತ ಯಾರಾದ್ರೂ ಅಂದ್ರೆ ಅದು ಟ್ರಯಲ್ಲಾ ಅಂತ ಕೇಳಿ. ಟ್ರಯಲ್ ಆದ್ರೆ ಐಸಿಎಂಆರ್ ಮಾರ್ಗಸೂಚಿ ಪ್ರಕಾರ ಪ್ರಯೋಗದ ಖರ್ಚನ್ನ ರೋಗಿ ಮೇಲೆ ಹಾಕೋ ಹಾಗಿಲ್ಲ, ಮತ್ತೆ 2009ರ ಜೂನ್‌ನಿಂದ ಭಾರತದಲ್ಲಿ ನಡೆಯೋ ಔಷಧ ಟ್ರಯಲ್‌ಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಆಗಲೇಬೇಕು, ಆ ನಂಬರ್ ಕೊಡಿ ಅಂದ್ರೆ ಕೊಡ್ಬೇಕು, ವೆಬ್‌ಸೈಟಲ್ಲಿ ಹಾಕಿ ನೀವೇ ನೋಡಬಹುದು. ಟ್ರಯಲ್‌ನಿಂದ ತೊಂದರೆ ಆದ್ರೆ ಚಿಕಿತ್ಸೆ, ಪರಿಹಾರ ಕೊಡ್ಬೇಕು ಅಂತ 2019ರ ನಿಯಮಗಳಲ್ಲಿದೆ. ಟ್ರಯಲ್ ಅಲ್ಲ ಅಂದ್ರೆ, ಯಾವ ಟ್ರಯಲ್‌ನಲ್ಲಿ ಹೋಲಿಕೆ ಗುಂಪು ಇಟ್ಟು ನೋಡಿದ್ದೀರಿ ಅಂತ ಕೇಳಿ, ಅದಕ್ಕೆ ಉತ್ತರ ತಡವರಿಸಿದ್ರೆ ಪರ್ಸ್ ಒಳಗಿಡಿ.

ಒಂದು ಸಣ್ಣ ಕೆಲಸ ಮಾತ್ರ ಯಾರು ಬೇಕಾದ್ರೂ ಮಾಡಬಹುದು, ದುಡ್ಡೂ ಬೇಡ. ಬಯಾಪ್ಸಿನೋ ಆಪರೇಷನ್ನೋ ಆದಾಗ ತೆಗೆದ ಗಡ್ಡೆಯ ಚೂರನ್ನ ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, "ಬ್ಲಾಕ್" ಅಂತಾರೆ ಅದಕ್ಕೆ. ಮಚ್ಚೆ ಇದೆಯಾ, ಬೆರಕೆ ಜೀನ್ ಇದೆಯಾ, ಇದು ನಿಜವಾಗ್ಲೂ ಎಪ್ಪತ್ತರಲ್ಲಿ ಯಾವ ಬಗೆ ಅಂತ ನೋಡೋಕೆ ಎಲ್ಲರೂ ಕೇಳೋದು ಅದನ್ನೇ, ಟ್ರಯಲ್ ಇರ್ಲಿ ಎರಡನೇ ಡಾಕ್ಟರ ಅಭಿಪ್ರಾಯ ಇರ್ಲಿ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಬಿಲ್ಲು, ಔಷಧಿ ಚೀಟಿ, ಸ್ಕ್ಯಾನ್ ಫಿಲ್ಮು ಎಲ್ಲ ಕವರಿಗೆ ತುಂಬ್ಕೊಂಡು ಬರ್ತೀವಿ, ಬ್ಲಾಕ್ ಯಾವ ಲ್ಯಾಬಲ್ಲಿದೆ, ಅದರ ನಂಬರ್ ಏನು, ಎಷ್ಟು ವರ್ಷ ಇಟ್ಟಿರ್ತೀರಿ ಅಂತ ಕೇಳಿ ಅದೇ ಕವರಿನ ಮೇಲೆ ಬರ್ಕೊಂಡು ಬನ್ನಿ.